ನಿನ್ನ ಊರಾಗ ಎಷ್ಟು ಸೂರ್ಯ?

ಮಾನ್ವಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅಪ್ಪ ನನ್ನ ಮೊಬೈಲನ್ನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ, ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ನೋಡಿದ. ಪರದೆಯ ಮೇಲಿದ್ದದ್ದು ನಾನು ಮೂರು ರಾತ್ರಿ ಕೂತು, ಒಂದೊಂದೇ ಚೌಕ ತುಂಬಿ ಮಾಡಿದ ತಾಮ್ರದ ಕೊಡ. ಅಗಲಕ್ಕೆ 32 ಚೌಕ, ಎತ್ತರಕ್ಕೆ 32, ಒಟ್ಟು 1024. ಪಿಕ್ಸೆಲ್ ಚಿತ್ರವೆಂದರೆ ಅಷ್ಟೇ, ಲೆಕ್ಕವಿಟ್ಟು ತುಂಬಿದ ಚೌಕಗಳು.

“ಇದೇನು, ಪೂರಿನಾ?” ಅಂದ.

“ಕೊಡಪ್ಪಾ ಅದು.”

“ಹೌದಾ? ನಿನ್ನ ಊರಾಗ ಎಷ್ಟು ಸೂರ್ಯ ಅದಾವಲೇ?”

ನನಗೆ ಸಿಟ್ಟು ಬಂತು. ಆದರೆ ಅಪ್ಪ ನನ್ನ ಕೆಲಸದ ಬಗ್ಗೆ ಒಂದು ಮಾತಾಡಿ ಎಷ್ಟು ವರ್ಷವಾಗಿತ್ತು ಎಂದು ನೆನಪಾಗಿ ಸುಮ್ಮನಾದೆ.

ಅಪ್ಪ ಬೋರ್ಡ್ ಬರೆಯುವವನು. ಮಾನ್ವಿಯಲ್ಲಿ ಒಂದು ಕಾಲಕ್ಕೆ ಗೊಬ್ಬರದಂಗಡಿ, ರೈಸ್ ಮಿಲ್ಲು, ಟೇಲರ್, ಟ್ರ್ಯಾಕ್ಟರಿನ ಹಿಂದಿನ ಟ್ರ್ಯಾಲಿ, ಎಲ್ಲದರ ಮೇಲೂ ಅವನ ಅಕ್ಷರಗಳೇ. ದಾರಕ್ಕೆ ಸೀಮೆಸುಣ್ಣ ತಿಕ್ಕಿ, ಒಂದು ತುದಿ ನನ್ನ ಕೈಗೆ ಕೊಟ್ಟು, ನಡುವೆ ಎತ್ತಿ ಬಿಟ್ಟರೆ ತಗಡಿನ ಮೇಲೆ ಬಿಳಿ ಗೆರೆ ಮೂಡುತ್ತಿತ್ತು. ಆ ಗೆರೆಯ ಮೇಲೆ ಅಕ್ಷರ, ಅಕ್ಷರಕ್ಕೆ ಬಲಗಡೆ ಮತ್ತು ಕೆಳಗಡೆ ಶೇಡ್. ಶೇಡ್ ಬಿದ್ದ ಕೂಡಲೇ ಅಕ್ಷರ ತಗಡು ಬಿಟ್ಟು ಎದ್ದು ನಿಲ್ಲುತ್ತಿತ್ತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಊರಿಗೆ ಫ್ಲೆಕ್ಸ್ ಬಂತು. ಎರಡು ವರ್ಷದಲ್ಲಿ ಅಪ್ಪನ ಕುಂಚಗಳು ಟರ್ಪೆಂಟೈನ್ ಡಬ್ಬಿಯಲ್ಲೇ ಒಣಗಿ ಕಟ್ಟಿಗೆಯಾದವು. ಮುಂದೆ ನಾನು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ್ದೆಲ್ಲಿ ಅಂದರೆ, ರಾಯಚೂರಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ. ಜಗಳ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು.

ಅಂಗಡಿಯಲ್ಲಿ ಹುಟ್ಟುಹಬ್ಬದ ಬ್ಯಾನರಿನ ಹೆಸರಿಗೆ ಉಬ್ಬು ಬೇಕೆಂದರೆ ಒಂದು ಬಟನ್ ಒತ್ತಿದರಾಯಿತು. ಅಕ್ಷರ ಬಂಗಾರದ ಗಟ್ಟಿಯ ಹಾಗೆ ಹೊಳೆಯುತ್ತದೆ. ಬೆಳಕು ಯಾವ ಕಡೆಯಿಂದ ಬಂತು ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಪಿಕ್ಸೆಲ್ ಹುಚ್ಚು ಹತ್ತಿದ್ದು ಬೇರೆ ಕಾರಣಕ್ಕೆ. ದೇವದುರ್ಗದಲ್ಲಿ ಅವ್ವನ ತವರು. ಬೇಸಿಗೆ ರಜೆಗೆ ಹೋದರೆ ಮಾಮಾನ ಮನೆಯಲ್ಲಿ ಟಿವಿಗೆ ಸಿಗಿಸುವ ಕ್ಯಾಸೆಟ್ ಗೇಮ್. ಮಾರಿಯೊ ಜಿಗಿದೂ ಜಿಗಿದೂ ಕರೆಂಟ್ ಹೋಗುತ್ತಿತ್ತು. ನಿಂಟೆಂಡೊದ ಆ ಹಳೆಯ ಯಂತ್ರ 1983ರದು. ಅದರಲ್ಲಿ ಓಡಾಡುವ ಗೊಂಬೆಯ ಒಂದೊಂದು ತುಣುಕಿಗೆ ಮೂರೇ ಬಣ್ಣ. ಮೂರೇ ಬಣ್ಣದಲ್ಲಿ ಟೋಪಿ, ಮೀಸೆ, ಹೊಟ್ಟೆ ಎಲ್ಲ ಕಾಣಿಸಿದ್ದಾರಲ್ಲ ಎಂಬುದು ಬಹಳ ತಡವಾಗಿ ಹೊಳೆಯಿತು. ಅಜ್ಜಿ ತೀರಿಕೊಂಡು ದೇವದುರ್ಗದ ಆ ಮನೆ ಕೆಡವಿದ ಮೇಲೆ, ಅದನ್ನೇ ಒಂದು ಸಣ್ಣ ಗೇಮ್ ಮಾಡಬೇಕು ಅನಿಸಿತು. ಶತ್ರು ಬೇಡ, ಬಂದೂಕು ಬೇಡ. ಒಬ್ಬ ಹುಡುಗ ಪಡಸಾಲೆ, ಅಡುಗೆಮನೆ, ಹಿತ್ತಲು ತಿರುಗಾಡುತ್ತಾನೆ, ಅಷ್ಟೇ. ಬೀಸುವ ಕಲ್ಲು, ಕಂದೀಲು, ಒಳ್ಳು ಬರೆದೆ. ಎಲ್ಲವೂ ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಿದ್ದವು. ದುಂಡಗೆ ಮಾಡೋಣ ಎಂದು ಕೊಡದ ಅಂಚಿನ ಸುತ್ತ ಕಪ್ಪು, ನಡುವಿಗೆ ಬರುತ್ತಾ ಬಿಳುಪು ಮಾಡಿದೆ. ಪೂರಿ ಆಯಿತು. ಪಿಕ್ಸೆಲ್ ಮಂದಿ ಇದನ್ನು ದಿಂಬಿನ ಶೇಡಿಂಗ್ ಅನ್ನುತ್ತಾರೆ. ಹೊಸಬರೆಲ್ಲ ಮೊದಲು ಬೀಳುವ ಗುಂಡಿ ಇದೇ.

ಮರುದಿನ ಬೆಳಿಗ್ಗೆ ಏಳರ ಬಿಸಿಲಿಗೆ ಅಪ್ಪ ಅಂಗಳದಲ್ಲಿ ಒಂದು ಸ್ಟೀಲ್ ತಂಬಿಗೆ ಇಟ್ಟ. ತಾಮ್ರದ ಕೊಡ ಮನೆಯಲ್ಲಿ ಇರಲಿಲ್ಲ. ಬೆರಳಿಟ್ಟು ತೋರಿಸಿದ. ಬಿಸಿಲು ನೇರ ಬಿದ್ದಲ್ಲಿ ಒಂದು ಚುಕ್ಕೆ ಬಿಳುಪು. ಅದರ ಸುತ್ತ ಮೈಬಣ್ಣ. ಹೊಟ್ಟೆ ತಿರುಗಿದ ಕಡೆ ನೆರಳು. ಆಮೇಲೆ, “ಇಲ್ಲಿ ನೋಡು” ಎಂದು ನೆರಳಿನ ಕಡೆಯ ಕಟ್ಟಕಡೆಯ ಅಂಚು ಮುಟ್ಟಿದ. ಅಲ್ಲಿ ಪೂರ್ತಿ ಕಪ್ಪಿರಲಿಲ್ಲ. ಅಂಗಳಕ್ಕೆ ಬಡಿದು ಮೇಲೆದ್ದ ಬೆಳಕು ಸಣ್ಣ ಗೆರೆಯಾಗಿ ಕೂತಿತ್ತು. ಅಪ್ಪ ಅದಕ್ಕೆ ನೆಲದ ಬೆಳಕು ಅಂದ. ಕೊನೆಗೆ ತಂಬಿಗೆಯಿಂದ ನೆಲಕ್ಕೆ ಚಾಚಿದ ನೆರಳು. “ಇದು ಬಿಟ್ಟರ ನಿನ್ನ ಕೊಡ ಗಾಳ್ಯಾಗ ತೇಲತದ.” ನಾನು ಬಿಟ್ಟಿದ್ದೆ. ತೇಲುತ್ತಿತ್ತು.

ರಾಯಚೂರಿಗೆ ವಾಪಸು ಬಂದು ಮತ್ತೆ ಶುರು ಮಾಡಿದೆ. ಸೂರ್ಯ ಒಂದೇ, ಎಡಗಡೆ ಮೇಲೆ. ಬಣ್ಣ ಐದು. ನೆರಳಿಗೆ ತಾಮ್ರಕ್ಕೇ ಕಪ್ಪು ಬೆರೆಸಿದರೆ ಮಸಿ ಹಿಡಿದಂತಾಗುತ್ತದೆ. ನೆರಳನ್ನು ಬದನೆಕಾಯಿ ಬಣ್ಣದ ಕಡೆಗೆ, ಬೆಳಕನ್ನು ಅರಿಶಿನದ ಕಡೆಗೆ ಸರಿಸಿದಾಗ ಲೋಹಕ್ಕೆ ಜೀವ ಬಂತು. ಮಣ್ಣಿನ ಗಡಿಗೆಯಾದರೆ ಬೆಳಕು ಮೆಲ್ಲಗೆ ಇಳಿಯುತ್ತದೆ. ತಾಮ್ರ ಹಾಗಲ್ಲ, ಅತಿ ಬಿಳುಪಿನ ಪಕ್ಕದಲ್ಲೇ ಅತಿ ಕಪ್ಪು. ಇದಕ್ಕೇ ಒಂದು ವಾರ ಹೋಯಿತು. ನೆರಳಿನ ಪಟ್ಟಿಗಳು ಅಂಚಿಗೆ ಸಮಾನಾಂತರವಾಗಿ ಕೂತರೆ ಮೆಟ್ಟಿಲಿನಂತೆ ಕಾಣುತ್ತವೆ, ಅವನ್ನು ಅಲ್ಲಲ್ಲಿ ಮುರಿಯಬೇಕು.

ಎರಡು ಬಣ್ಣ ಕೂಡುವಲ್ಲಿ ಚದುರಂಗದ ಮಣೆಯ ಹಾಗೆ ಒಂದು ಬಿಟ್ಟು ಒಂದು ಚೌಕ ತುಂಬುವುದೂ ಉಂಟು. ಕಣ್ಣು ಎರಡನ್ನೂ ಬೆರೆಸಿಕೊಂಡು ಇಲ್ಲದ ಮೂರನೆಯ ಬಣ್ಣ ನೋಡುತ್ತದೆ. ಇದು ಕಂಪ್ಯೂಟರಿನವರ ಯುಕ್ತಿ ಅಂದುಕೊಂಡಿದ್ದೆ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಛಾಯೆ ಕೊಡುವುದಕ್ಕೆ ‘ವರ್ತನ’ ಎಂಬ ಹೆಸರಿದೆ. ಪತ್ರಜ, ಐರಿಕ, ಬಿಂದುಜ ಎಂದು ಮೂರು ಬಗೆ. ಎಲೆಯ ನರಗಳಂತೆ ಗೆರೆ ಎಳೆದು, ನಯವಾಗಿ ಬಳಿದು, ಮತ್ತು ಚುಕ್ಕಿ ಇಟ್ಟು. ಚುಕ್ಕಿಯ ಹೆಸರು ಓದಿ ಖುಷಿಯಾಗಿ ಕೊಡದ ತುಂಬ ಚುಕ್ಕಿ ಇಟ್ಟೆ. ಅಷ್ಟು ಸಣ್ಣ ಚಿತ್ರದಲ್ಲಿ ತಾಮ್ರ ಉಪ್ಪುಕಾಗದದಂತೆ ಒರಟಾಯಿತು. ಅಳಿಸಿದೆ. ಶಾಸ್ತ್ರ ಸರಿ, ಕೊಡ ಚಿಕ್ಕದು.

ಚಹಾದ ಹೊತ್ತಿಗೆ ಕೋಟೆಯ ಕಡೆ ಹೋಗುವುದು ನನ್ನ ರೂಢಿ. ಅಲ್ಲಿ ಒಂದು ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿದೆ, ಅದರ ಮೇಲೆ 1294ರ ಶಾಸನ. ಆ ಕಲ್ಲನ್ನು ಕೋಣ ಹೂಡಿದ ಬಂಡಿಯ ಮೇಲೆ ಎಳೆದು ತರುವ ಚಿತ್ರವನ್ನೂ ಅದೇ ಗೋಡೆಯಲ್ಲಿ ಕೆತ್ತಿದ್ದಾರೆ. ಅದೆಷ್ಟು ಸಲ ಅದರ ಮುಂದೆ ಹಾದುಹೋಗಿದ್ದೇನೋ. ಒಂದು ದಿನ ಬಿಸಿಲು ಗೋಡೆಯನ್ನು ಸವರಿದಂತೆ ಅಡ್ಡಲಾಗಿ ಬಿದ್ದಾಗ ಗೆರೆಯ ಒಂದು ದಡದಲ್ಲಿ ನೆರಳು, ಇನ್ನೊಂದು ದಡದಲ್ಲಿ ಬೆಳಕು ನಿಂತು ಕೋಣಗಳು ಎದ್ದುಬಂದವು. ಮೋಡ ಬಂತು, ಬರೀ ಕಲ್ಲು. ಫೋನಿನಲ್ಲಿ ತೆಗೆದ ಫೋಟೊ ಅಪ್ಪನಿಗೆ ಕಳಿಸಿದೆ. ಉತ್ತರವಾಗಿ ಫೋನೇ ಬಂತು. ಎಷ್ಟೋ ವರ್ಷದ ಮೇಲೆ ನನಗೆ ಅವನೇ ಮಾಡಿದ ಫೋನು. “ಫೋಟೋ ತಲೆಕೆಳಗ ಮಾಡಿ ನೋಡು” ಅಂದ.

ತಿರುಗಿಸಿದೆ. ತಗ್ಗಿನ ಗೆರೆಗಳೆಲ್ಲ ಉಬ್ಬಿ ನಿಂತವು. ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ಕಣ್ಣು ನಂಬಿಕೊಂಡಿದೆ, ಅದಕ್ಕೆ ಹೀಗೆ. ಹಳೆಯ ವಿಂಡೋಸ್ 95ರ ಬಟನ್‌ಗಳೂ ಇದೇ ನಂಬಿಕೆಯ ಮೇಲೆ ನಿಂತಿದ್ದವು: ಮೇಲೆ ಮತ್ತು ಎಡಕ್ಕೆ ಬಿಳಿ ಗೆರೆ, ಕೆಳಗೆ ಮತ್ತು ಬಲಕ್ಕೆ ಕಪ್ಪು, ಒತ್ತಿದಾಗ ಅದಲುಬದಲು. ಅಪ್ಪನ ಅಕ್ಷರಗಳ ಶೇಡ್ ಯಾಕೆ ಯಾವಾಗಲೂ ಬಲಕ್ಕೆ, ಕೆಳಕ್ಕೆ ಇರುತ್ತಿತ್ತು ಎಂದು ಆಗ ತಿಳಿಯಿತು. ಹತ್ತು ವರ್ಷ ದಾರ ಹಿಡಿದವನು ನಾನು, ಕೇಳಿರಲಿಲ್ಲ.

ಮುಂದಿನ ಭಾನುವಾರ ಮಾನ್ವಿಗೆ ಹೋಗಿ ಹೊಸ ಕೊಡ ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿ, “ಆತು. ಆದರ ಇದು ಅಂಗಡ್ಯಾಗಿನ ಕೊಡ. ನಿಮ್ಮಜ್ಜೀದು ಅಲ್ಲ” ಅಂದ. “ಅದರ ಎಡಗಡಿ ಹೊಟ್ಟಿಗೆ ಒಂದು ನೆಗ್ಗು ಇತ್ತು. ನೀನ ಕೆಡವಿದ್ದಿ, ಬಾವಿ ಕಟ್ಟಿ ಮ್ಯಾಲಿಂದ.”

ಆ ಕೊಡ ಅಜ್ಜಿ ಅವ್ವನಿಗೆ ಕೊಟ್ಟದ್ದು. ಬೋರ್ಡ್ ಕೆಲಸ ನಿಂತ ವರ್ಷ ನನ್ನ ಶಾಲೆಯ ಫೀಸಿಗೆ ಅವ್ವ ಅದನ್ನು ಪಾತ್ರೆ ಅಂಗಡಿಯಲ್ಲಿ ತೂಕಕ್ಕೆ ಹಾಕಿ ಬಂದಿದ್ದಳು. ಆ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಿದ್ದಿಲ್ಲ. ಅವತ್ತೂ ಆಡಲಿಲ್ಲ. ನೆಗ್ಗು ಅಂದರೆ ಉಬ್ಬಿನ ಉಲ್ಟಾ, ಬೆಳಕಿರುವ ಮೈಯಲ್ಲಿ ಮೇಲಿನ ಅಂಚಿಗೆ ಕಪ್ಪು, ಕೆಳಗಿನ ಅಂಚಿಗೆ ಬಿಳುಪು. ಅಪ್ಪ ಬೆರಳಿಟ್ಟು ಜಾಗ ಹೇಳಿದ, ನಾನು ತುಂಬಿದೆ. ಕಪ್ಪು ಮೂರು ಚೌಕ, ಬಿಳುಪು ಎರಡು. ಅವನ ಬೆರಳು ಪರದೆಗೆ ದಪ್ಪವಾಗಿ ಎರಡು ಸಲ ತಪ್ಪು ಚೌಕ ತುಂಬಿತು. ಬೈದುಕೊಂಡ.

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಗ್ಗಿ ನೋಡಿದಳು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

“ಕಂಠ ಉದ್ದ ಆತು” ಅಂದಳು. “ನಮ್ಮವ್ವನ ಕೊಡದ ಕಂಠ ಗಿಡ್ಡ ಇತ್ತು.”

ಒಂದು ಸಾಲು ಅಳಿಸಿ ತೋರಿಸಿದೆ. ಇನ್ನೊಂದು ಸಾಲು ಅಳಿಸು ಅಂದಳು.