ಮ್ಯಾಗ್ನೆಟ್ಟು ಹುಡುಕುತ್ತ ಸಂಡೇ ಬಜಾರಿಗೆ

ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಹೊಸ ಹೆದ್ದಾರಿಗೆ 2023ರ ಆಗಸ್ಟ್ 1ರಿಂದ ಸ್ಕೂಟರು, ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ನಮ್ಮ ಬಳಗದಲ್ಲಿ ಇದಕ್ಕಾಗಿ ಯಾರೂ ಕಣ್ಣೀರು ಹಾಕಿದ್ದಿಲ್ಲ. ನೂರರ ವೇಗದಲ್ಲಿ ನುಗ್ಗುವ ಕಾರುಗಳ ನಡುವೆ, ನಲವತ್ತೈದರಲ್ಲಿ ಹೊಗೆ ಬಿಡುತ್ತ ಸಾಗುವ ಹನ್ನೊಂದು ಮುದಿ ಸ್ಕೂಟರುಗಳಿಗೆ ಅಲ್ಲೇನು ಕೆಲಸ? ಹಳೆಯ ರಸ್ತೆ ಇದ್ದೇ ಇದೆ. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರಗಳ ಪೇಟೆಬೀದಿಗಳನ್ನು ಹಾದು ಹೋಗುವ ಆ ದಾರಿಯಲ್ಲಿ ಸ್ಕೂಟರು ಕೆಟ್ಟರೆ ನಿಲ್ಲಿಸಲು ನೆರಳಿದೆ, ಕಾಯಲು ಕಾಫಿಯಿದೆ.

ನಮ್ಮದು ಹಳೇ ಸ್ಕೂಟರುಗಳ ಹುಚ್ಚು ಹಿಡಿದವರ ಕೂಟ. ಬ್ಯಾಂಕಿನಿಂದ ನಿವೃತ್ತರಾದವರು ಇಬ್ಬರು, ಒಬ್ಬ ಹೈಸ್ಕೂಲು ಮೇಷ್ಟ್ರು, ಒಬ್ಬ ಹೋಟೆಲಿನವರು, ಕಂಪ್ಯೂಟರ್ ಕಂಪನಿಯ ನಾಲ್ಕಾರು ಹುಡುಗರು, ಇವರೆಲ್ಲರ ಪಾಲಿನ ಆಪದ್ಬಾಂಧವನಾಗಿ ಒಬ್ಬ ಮೆಕ್ಯಾನಿಕ್ಕು. ವರ್ಷಕ್ಕೆ ಎರಡು ಸಲವಾದರೂ ಬೆಂಗಳೂರಿನ ಸಂಡೇ ಬಜಾರಿಗೆ ಒಟ್ಟಾಗಿ ಹೋಗುವುದು ವಾಡಿಕೆ. ಬೇರೆಯವರು ಗುಂಪು ಕಟ್ಟಿಕೊಂಡು ಗಿರಿಧಾಮಕ್ಕೆ ಹೋಗುತ್ತಾರೆ, ನಾವು ಗುಜರಿಗೆ!

ಹೋಗಲೇಬೇಕಾದ ಕಾರಣವಿದೆ. ನಮ್ಮ ಹತ್ತಿರ ಇರುವ ಯಾವ ಸ್ಕೂಟರನ್ನೂ ಇವತ್ತು ಯಾವ ಕಾರ್ಖಾನೆಯೂ ತಯಾರಿಸುತ್ತಿಲ್ಲ. ಒಂದು ಕಾಲದಲ್ಲಿ ಹಣ ಕಟ್ಟಿ ಹತ್ತು ವರ್ಷ ಕಾಯಿಸಿದ್ದ ಬಜಾಜ್ ಕಂಪನಿ, ಸ್ಕೂಟರು ತಯಾರಿಕೆಯನ್ನೇ ಬಿಡುವುದಾಗಿ 2009ರ ಡಿಸೆಂಬರಿನಲ್ಲಿ ಹೇಳಿತು. 2020ರಲ್ಲಿ ಚೇತಕ್ ಮತ್ತೆ ಬಂದದ್ದು ನಿಜ, ಆದರೆ ಅದು ಕರೆಂಟಿನದು. ಅದರ ಒಂದು ಸ್ಕ್ರೂ ಕೂಡ ನಮ್ಮ ಚೇತಕ್ಕಿಗೆ ಆಗದು. ಕಾನ್ಪುರದ ಎಲ್‌ಎಂಎಲ್ ಬಾಗಿಲು ಹಾಕಿತು. ಇನ್ನು ಲ್ಯಾಂಬ್ರೆಟಾ ಕಥೆ ದೊಡ್ಡದು. ಇಟಲಿಯ ಮಿಲಾನಿನ ಹೊರವಲಯದ ಲ್ಯಾಂಬ್ರಾಟೆಯಲ್ಲಿ 1947ರಲ್ಲಿ ಹುಟ್ಟಿದ ಸ್ಕೂಟರು ಅದು. ಅಲ್ಲಿನ ಇನೊಸೆಂಟಿ ಕಾರ್ಖಾನೆ ಸೋತಾಗ ಅದರ ಯಂತ್ರಸಾಮಗ್ರಿಯನ್ನು ಭಾರತ ಸರ್ಕಾರವೇ ಕೊಂಡಿತು. 1972ರಲ್ಲಿ ಲಖನೌದಲ್ಲಿ ಸ್ಕೂಟರ್ಸ್ ಇಂಡಿಯಾ ಲಿಮಿಟೆಡ್ ಶುರುವಾಯಿತು. ‘ವಿಜಯ್ ಸೂಪರ್’ ಬಂದದ್ದು ಅಲ್ಲಿಂದ. ಆ ಕಂಪನಿ 1997ರಲ್ಲಿ ಸ್ಕೂಟರು ನಿಲ್ಲಿಸಿ ಬರೀ ಮೂರು ಚಕ್ರದ ಗಾಡಿಗಳಿಗೆ ಅಂಟಿಕೊಂಡಿತು. ಅದನ್ನೂ ಮುಚ್ಚಲು 2021ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು.

ಈ ಸಲದ ಪ್ರಯಾಣದ ನಾಯಕ ಅಂಥದೊಂದು ವಿಜಯ್ ಸೂಪರ್. ಮೇಷ್ಟ್ರದು. ಅವರ ತಂದೆ 1979ರಲ್ಲಿ ಕೊಂಡದ್ದು. ಅದರ ಮ್ಯಾಗ್ನೆಟ್ಟು ಸತ್ವ ಕಳೆದುಕೊಂಡು ವರ್ಷವಾಗಿತ್ತು. ಮ್ಯಾಗ್ನೆಟ್ಟೆಂದರೆ ಎಂಜಿನ್ನಿನ ಪಕ್ಕದಲ್ಲಿ ಫ್ಯಾನಿನ ಹಾಗೆ ರೆಕ್ಕೆಗಳಿರುವ ಭಾರವಾದ ಚಕ್ರ. ಅದು ತಿರುಗಿದರೆ ಒಳಗಿನ ಕಾಯಿಲಿನಲ್ಲಿ ಕರೆಂಟು ಹುಟ್ಟಿ ಪ್ಲಗ್ಗಿಗೆ ಕಿಡಿ ಸಿಗುತ್ತದೆ. ಅಯಸ್ಕಾಂತದ ಶಕ್ತಿ ಕುಂದಿದರೆ ಕಿಕ್ಕು ಹೊಡೆದು ಕಾಲು ನೋಯುತ್ತದೆಯೇ ಹೊರತು ಕಿಡಿ ಬರುವುದಿಲ್ಲ. ಎರಡನೇ ಗೇರಿಗೆ ಹಾಕಿ ನಾಲ್ಕು ಜನ ತಳ್ಳಿದರೆ ಮಾತ್ರ, ಚಕ್ರ ಜೋರಾಗಿ ತಿರುಗಿ, ಗಾಡಿ ಹೇಗೋ ಹೊರಡುತ್ತದೆ. ದಿನವೂ ಶಾಲೆಯ ಗೇಟಿನಲ್ಲಿ ಮಕ್ಕಳಿಂದ ತಳ್ಳಿಸಿಕೊಂಡು ಮೇಷ್ಟ್ರಿಗೆ ಸಾಕಾಗಿತ್ತು. ‘ದೀಪಾವಳಿಯೊಳಗೆ ಸರಿಹೋದರೆ ಸರಿ, ಇಲ್ಲದಿದ್ದರೆ ಗುಜರಿಯವನಿಗೆ ನಾನೇ ಫೋನು ಮಾಡ್ತೀನಿ’ ಎಂದು ಅವರ ಮನೆಯವರು ಗಡುವು ಕೊಟ್ಟಿದ್ದರು.

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಪೆಟ್ರೋಲು ಬಂಕಿನಲ್ಲಿ ಟ್ಯಾಂಕು ತುಂಬಿಸುವಾಗ ಎಲ್ಲರ ಡಿಕ್ಕಿಯಿಂದಲೂ ಆಯಿಲ್ ಬಾಟಲಿ ಹೊರಬಂತು. ಲೀಟರಿಗೆ ಇಪ್ಪತ್ತು ಮಿಲಿ ಲೆಕ್ಕದಲ್ಲಿ ಕೈಯಾರೆ ಬೆರೆಸಬೇಕು. ಮರೆತರೆ ಪಿಸ್ಟನ್ನು ಹಿಡಿದುಕೊಳ್ಳುತ್ತದೆ. ಬಂಕಿನ ಹುಡುಗ ಇದನ್ನು ಮಾಯಾಜಾಲದಂತೆ ನೋಡುತ್ತಿದ್ದ. ಅವನು ಹುಟ್ಟುವ ಹೊತ್ತಿಗೆ ಟೂ-ಸ್ಟ್ರೋಕ್ ಸ್ಕೂಟರುಗಳ ಕಾಲ ಮುಗಿದಿತ್ತೇನೋ.

ಮೇಷ್ಟ್ರ ಗಾಡಿಯನ್ನು ದಾರಿಯಲ್ಲಿ ಆಫ್ ಮಾಡಬಾರದು ಎಂಬುದೊಂದೇ ನಿಯಮ. ಮಂಡ್ಯದಲ್ಲಿ ನಾವು ಕಬ್ಬಿನಹಾಲು ಕುಡಿಯುವಾಗ ಅವರು ಗಾಡಿಯ ಮೇಲೆ ಕೂತೇ, ಆಕ್ಸಿಲರೇಟರ್ ತಿರುವುತ್ತ ಕುಡಿದರು. ಮದ್ದೂರಿನಲ್ಲಿ ವಡೆಯೂ ಹಾಗೆಯೇ ಆಯಿತು. ಹೊಸ ಹೆದ್ದಾರಿ ಈ ಊರುಗಳನ್ನು ಬಳಸಿಕೊಂಡು ಹೋದ ಮೇಲೆ ಹಳೆಯ ರಸ್ತೆಯ ಹೋಟೆಲುಗಳಲ್ಲಿ ಮೊದಲಿನ ನೂಕುನುಗ್ಗಲಿಲ್ಲ. ಹನ್ನೊಂದು ಗಾಡಿ ಸಾಲಾಗಿ ನಿಂತದ್ದನ್ನು ಕಂಡು ವಡೆಯಂಗಡಿಯವರು ಮದುವೆ ದಿಬ್ಬಣವನ್ನು ಎದುರುಗೊಳ್ಳುವಂತೆ ಓಡಿಬಂದರು. ಚನ್ನಪಟ್ಟಣದ ಬೊಂಬೆ ಅಂಗಡಿಯವರ ಮಾತೂ ಅದೇ: ‘ಕಾರುಗಳೆಲ್ಲ ಆ ಕಡೆ ಹೋಯ್ತವೆ ಸಾರ್. ಇಲ್ಲಿ ನಿಲ್ಲೋರು ಊರಿನವರು, ಇಲ್ಲ ನಿಮ್ಮಂಥೋರು.’ ನಮ್ಮಂಥೋರು ಅಂದರೆ ಯಾರು ಎಂದು ನಾವು ಕೇಳಲಿಲ್ಲ. ಚನ್ನಪಟ್ಟಣ ಬಿಡುವಾಗ ಮೇಷ್ಟ್ರ ಗಾಡಿ ತಾನಾಗಿಯೇ ಆಫ್ ಆಯಿತು. ಬೊಂಬೆ ಅಂಗಡಿಯವರೂ ಸೇರಿ ತಳ್ಳಿದರು. ರಾಮನಗರದ ಬಂಡೆಗಳು ಸಂಜೆಬಿಸಿಲಿಗೆ ಕೆಂಪಾಗಿದ್ದವು, ಆದರೆ ನಿಂತು ನೋಡುವ ಧೈರ್ಯ ಯಾರಿಗಿದೆ? ಕತ್ತಲಾಗುವ ಹೊತ್ತಿಗೆ ಕೆಂಗೇರಿ ಸೇರಿ ಪರಿಚಯದವರ ಛತ್ರದಲ್ಲಿ ಮಲಗಿದೆವು.

ಬೆಳಿಗ್ಗೆ ಐದಕ್ಕೇ ಮೆಕ್ಯಾನಿಕ್ಕು ಟಾರ್ಚು ಹಿಡಿದು ಮೇಷ್ಟ್ರ ಗಾಡಿಯ ಮ್ಯಾಗ್ನೆಟ್ಟು ಬಿಚ್ಚುತ್ತಿದ್ದ. ಗುಜರಿಯ ಮೊದಲ ಪಾಠ ಇದು: ಬೇಕಾದ ವಸ್ತುವಿನ ಹೆಸರು ಹೇಳಿ ಫಲವಿಲ್ಲ, ಹಳೆಯದನ್ನು ಜೊತೆಯಲ್ಲಿ ಒಯ್ಯಬೇಕು. ಒಂದೇ ಹೆಸರಿನಲ್ಲಿ ಹತ್ತು ಅಳತೆಗಳಿರುತ್ತವೆ. ಮೇಷ್ಟ್ರು ನನ್ನ ಚೇತಕ್ಕಿನ ಹಿಂದಿನ ಸೀಟಿನಲ್ಲಿ, ಮ್ಯಾಗ್ನೆಟ್ಟನ್ನು ಬಟ್ಟೆಚೀಲದಲ್ಲಿಟ್ಟು ಮಗುವಿನ ಹಾಗೆ ತೊಡೆಯ ಮೇಲಿರಿಸಿಕೊಂಡು ಬಂದರು.

ಸಂಡೇ ಬಜಾರು ನಡೆಯುವುದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ. ಚಿಕ್ಕಪೇಟೆಯ ಅಂಗಡಿಗಳು ಭಾನುವಾರ ಮುಚ್ಚಿರುವಾಗ ಅವುಗಳ ಮುಂದಿನ ನೆಲವೇ ಅಂಗಡಿಯಾಗುತ್ತದೆ. ಟಾರ್ಪಾಲು, ಗೋಣಿತಾಟು, ಹಳೆಯ ಫ್ಲೆಕ್ಸು, ಏನು ಸಿಕ್ಕಿದರೆ ಅದನ್ನು ಹಾಸಿ ಮಾಲು ಸುರಿಯುತ್ತಾರೆ. ಸ್ಪ್ಯಾನರುಗಳ ರಾಶಿ, ಸತ್ತ ಮೊಬೈಲುಗಳು, ಒಂಟಿ ಬೂಟು, ಗ್ರಾಮಫೋನಿನ ಕೊಳವೆ, ಮಿಕ್ಸಿಯ ಮೋಟಾರು. ನಡುವೆ ನಮ್ಮ ಕಣ್ಣಿಗೆ ಮಾತ್ರ ಕಾಣುವ ಸ್ಕೂಟರಿನ ಅಂಗಾಂಗಗಳು: ಹೆಡ್‌ಲೈಟಿನ ಗಾಜು, ಕಾರ್ಬೊರೇಟರು, ಕಿಕ್ಕರು, ಸ್ಪೀಡೊಮೀಟರು. ಇದನ್ನು ಕಳ್ಳಮಾಲಿನ ಸಂತೆ ಎಂದು ಹಗುರವಾಗಿ ಆಡುವವರುಂಟು. ಹಾಗೆ ಹೇಳುವವರು ಬೆಳಗಿನ ಆರು ಗಂಟೆಗೆ ಬಂದು, ಒಂದು ಗೇರ್ ಕೇಬಲ್ಲಿನ ತುದಿಯನ್ನು ನೋಡಿ ಇದು ಯಾವ ವರ್ಷದ ಯಾವ ಗಾಡಿಯದೆಂದು ಹೇಳುವ ಮುದುಕರ ಪಕ್ಕದಲ್ಲಿ ಹತ್ತು ನಿಮಿಷ ಕೂರಬೇಕು. ಆದರೂ ಎಚ್ಚರಿಕೆ ಬೇಡವೆಂದಲ್ಲ. ನಂಬರು ಕೊರೆದ ಎಂಜಿನ್ನು, ಚಾಸಿಗಳನ್ನು ಕಾಗದಪತ್ರವಿಲ್ಲದೆ ನಾವು ಮುಟ್ಟುವುದಿಲ್ಲ.

ಮೊದಲ ಮ್ಯಾಗ್ನೆಟ್ಟು ಏಳು ಗಂಟೆಗೇ ಸಿಕ್ಕಿತು. ಮೆಕ್ಯಾನಿಕ್ಕು ಹಳೆಯದರ ಪಕ್ಕ ಇಟ್ಟು ತಲೆಯಾಡಿಸಿದ. ಅದು ಬಜಾಜಿನದು, ಶಾಫ್ಟಿಗೆ ಕೂರುವ ತೂತೇ ಬೇರೆ. ಎರಡನೆಯದು ವಿಜಯ್ ಸೂಪರಿನದೇ, ಆದರೆ ಒಳಗಿನ ಕೀ ಕೂರುವ ಗಾಡಿ ತಿಂದುಹೋಗಿತ್ತು. ಆ ಅರ್ಧಚಂದ್ರದಾಕಾರದ ಪುಟ್ಟ ಕೀ ಅಲುಗಿದರೆ ಕಿಡಿ ಹೊತ್ತಲ್ಲದ ಹೊತ್ತಿನಲ್ಲಿ ಹಾರುತ್ತದೆ. ಹತ್ತು ಗಂಟೆಯಾಯಿತು. ಹುಡುಗರು ಕನ್ನಡಿ, ಹಾರನ್ನು ಎಂದು ಚೀಲ ತುಂಬಿಸುತ್ತಿದ್ದರು. ನಿವೃತ್ತ ಬ್ಯಾಂಕಿನವರೊಬ್ಬರಿಗೆ ಪ್ರಿಯಾ ಸ್ಕೂಟರಿನ ಮುಂಭಾಗದ ಹೆಸರಿನ ಪಟ್ಟಿ ಸಿಕ್ಕಿ, ಅದನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ತಿರುಗುತ್ತಿದ್ದರು. ಮೇಷ್ಟ್ರು ಮಾತ್ರ ಮಾತಾಡುವುದನ್ನು ನಿಲ್ಲಿಸಿದ್ದರು.

ಬೀದಿಯ ಕೊನೆಯಲ್ಲಿ ಬಿಳಿಗಡ್ಡದ ಭಾಯ್ ಒಬ್ಬರು ಚೀಲದೊಳಗಿನ ಮ್ಯಾಗ್ನೆಟ್ಟನ್ನು ಇಸಿದುಕೊಂಡು ತಿರುಗಿಸಿ ನೋಡಿ, ಏನೂ ಹೇಳದೆ ಹಿಂದಿದ್ದ ಡಬ್ಬಿಗಳ ರಾಶಿಗೆ ಕೈ ಹಾಕಿದರು. ಗ್ರೀಸು ಮೆತ್ತಿದ ಒಂದು ಚಕ್ರ ಹೊರಬಂತು.

‘ಇದು ವಿಜಯದ್ದಲ್ಲ ಸಾರ್, ಫಾಲ್ಕನ್‌ದು. ಆದ್ರೆ ಕೂರುತ್ತೆ.’

ಫಾಲ್ಕನ್! ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತು. ಲಖನೌದಿಂದ ಎಂಜಿನ್ನು, ಬಿಡಿಭಾಗಗಳನ್ನು ತರಿಸಿ ಬೇರೆ ಬೇರೆ ರಾಜ್ಯಗಳಲ್ಲಿ ಜೋಡಿಸುತ್ತಿದ್ದ ಕಾಲವೊಂದಿತ್ತು. ಆಂಧ್ರದಲ್ಲಿ ಅದಕ್ಕೆ ಪುಷ್ಪಕ್, ಪಂಜಾಬಿನಲ್ಲಿ ಕೇಸರಿ, ನಮ್ಮ ಕರ್ನಾಟಕದಲ್ಲಿ ಫಾಲ್ಕನ್ ಎಂದು ಹೆಸರು. ಹೊರಗೆ ಹೆಸರು ಬೇರೆ, ಒಳಗೆ ಜೀವ ಒಂದೇ. ಭಾಯ್ ತಮ್ಮ ಸ್ಕ್ರೂಡ್ರೈವರನ್ನು ಹತ್ತಿರ ತಂದರು. ಅದು ಟಕ್ಕನೆ ಅಂಟಿಕೊಂಡಿತು. ಅದೇ ಸ್ಕ್ರೂಡ್ರೈವರು ಮೇಷ್ಟ್ರ ಹಳೆಯ ಮ್ಯಾಗ್ನೆಟ್ಟಿಗೆ ನಿಧಾನವಾಗಿ ತಾಗಿ, ಬೆರಳ ಸೋಕಿಗೇ ಬಿಟ್ಟುಬಂತು. ಕೀ ಕೂರುವ ಜಾಗ ಸರಿಯಿತ್ತು. ರೆಕ್ಕೆಯೊಂದು ಮಾತ್ರ ತುದಿಯಲ್ಲಿ ಮುರಿದಿತ್ತು.

‘ಎರಡೂವರೆ ಸಾವಿರ.’

‘ರೆಕ್ಕೆ ಮುರಿದಿದೆಯಲ್ಲ ಭಾಯ್?’ ಎಂದ ಮೆಕ್ಯಾನಿಕ್ಕು.

‘ಅದಕ್ಕೇ ಎರಡೂವರೆ. ಮುರೀದೆ ಇದ್ದಿದ್ರೆ ನಾಲ್ಕು. ನೀವು ಹುಡುಕಿ, ಸಿಕ್ಕರೆ ಅಲ್ಲೇ ತಗೊಳ್ಳಿ.’

ಸಿಗುವುದಿಲ್ಲವೆಂದು ಅವರಿಗೂ ಗೊತ್ತು, ನಮಗೂ ಗೊತ್ತು. ಕೊನೆಗೆ ಸಾವಿರದ ಒಂಬೈನೂರಕ್ಕೆ ಮಾತು ಮುಗಿಯಿತು. ಹಳೆಯ ಮ್ಯಾಗ್ನೆಟ್ಟನ್ನೂ ಕೊಡುತ್ತೀರಾ, ಇನ್ನೂರು ಕಡಿಮೆ ಮಾಡುತ್ತೇನೆ ಎಂದು ಭಾಯ್ ಕೇಳಿದರು. ಮೇಷ್ಟ್ರು ಚೀಲವನ್ನು ಎದೆಗೊತ್ತಿಕೊಂಡು ಬೇಡವೆಂದರು.

ಮಧ್ಯಾಹ್ನ ಕೆಂಗೇರಿಯ ಛತ್ರದ ಅಂಗಳದಲ್ಲಿ ಅದನ್ನು ಕೂರಿಸಿ ನಟ್ಟು ಬಿಗಿದಾಗ ಎರಡು ಗಂಟೆ. ನಾವು ಅಭ್ಯಾಸಬಲದಿಂದ ತಳ್ಳಲು ಗಾಡಿಯ ಹಿಂದೆ ನಿಂತಿದ್ದೆವು. ಮೇಷ್ಟ್ರು ಚೋಕು ಎಳೆದು ಕಿಕ್ಕು ಹೊಡೆದರು. ಮೂರನೆಯದಕ್ಕೆ ಸ್ಟಾರ್ಟಾಯಿತು. ನೀಲಿ ಹೊಗೆ ಅಂಗಳವೆಲ್ಲ ತುಂಬಿತು. ಅವರು ಒಂದು ನಿಮಿಷ ಕೇಳಿಸಿಕೊಂಡು, ಗಾಡಿಯನ್ನು ಆಫ್ ಮಾಡಿ, ಮತ್ತೆ ಕಿಕ್ಕು ಹೊಡೆದರು. ಮತ್ತೆ ಆಫ್ ಮಾಡಿದರು. ಹೀಗೆ ಐದು ಸಲ. ಹೊರಡೋಣ ಎಂದು ನಾವು ಅವಸರ ಮಾಡಿದರೂ ಬಿಡಲಿಲ್ಲ.