ಹೇಮಾವತಿಯ ಸೀಮೆಯಲ್ಲಿ

ಹೋದ ಕಾರ್ತಿಕ ಮಾಸದಲ್ಲಿ ನಾವು ಹಾಸನದಿಂದ ಹೊರಟು ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡುಗಳನ್ನು ಸುತ್ತಿ ಬಂದೆವು. ದೇವಸ್ಥಾನಗಳನ್ನು ನೋಡಬೇಕೆಂದು ಹೊರಟ ನಮಗೆ, ಪ್ರಾಣಿಗಳು ತಮ್ಮ ನೆಲೆಯನ್ನು ಹೇಗೆ ಆರಿಸಿಕೊಳ್ಳುವುವೆಂಬ ವಿಚಾರವೇ ದಾರಿಯುದ್ದಕ್ಕೂ ಎದುರಾಯಿತು.

ಚನ್ನರಾಯಪಟ್ಟಣದ ಕಡೆಯ ಒಂದು ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಿಂತೆವು. ನೀರುಕಾಗೆಯು ಮುಳುಗಿ ಆಳದ ಮೀನನ್ನು ಹಿಡಿಯುತ್ತಿದ್ದಿತು; ಬೆಳ್ಳಕ್ಕಿಯು ಅಂಚಿನ ತೆಳುನೀರಿನಲ್ಲಿ ತಪಸ್ಸಿಗೆ ನಿಂತಿದ್ದಿತು; ಮಿಂಚುಳ್ಳಿಯು ಕೊಂಬೆಯಿಂದ ಎರಗುತ್ತಿದ್ದಿತು. ಕೆರೆ ಒಂದೇ, ಉಣ್ಣುವ ಬಾಯಿಗಳು ಹಲವು. ಒಂದೇ ಎಡೆಗೆ ಎಲ್ಲರೂ ಕೈಯಿಟ್ಟರೆ ಯಾರ ಹೊಟ್ಟೆಯೂ ತುಂಬದು. ಆದುದರಿಂದಲೇ ಒಂದೊಂದು ಜಾತಿಯೂ ತನ್ನ ಪಾಲಿನ ಮೂಲೆಯನ್ನು ಹಿಡಿದಿದೆ. ಒಳ್ಳೆಯ ಜಾಗವಾದರೂ ಪಾಲುದಾರರು ಹೆಚ್ಚಿದರೆ ಅದರ ಬೆಲೆ ಇಳಿಯುವುದು. ಆಗ ದುರ್ಬಲವಾದುದು ಬೇರೆಡೆಗೆ ಸರಿಯುವುದು.

ಹೊಳೆನರಸೀಪುರದಲ್ಲಿ ಹೇಮಾವತಿಯ ದಡದ ಗದ್ದೆ ತೋಟಗಳನ್ನು ಕಂಡು ಕಣ್ಣು ತಣಿಯಿತು. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ತಿಯಾಯಿತು. ಅದರ ನೀರು ನಮಗೆ ಅನ್ನವಾಯಿತು. ಅದರ ಹಿನ್ನೀರು ಹಳ್ಳಿಗಳನ್ನೂ ಕಾಡುಮೇಡುಗಳನ್ನೂ ನುಂಗಿತು. ಮನುಷ್ಯನೂ ಈ ಪಾಲಿನಲ್ಲಿ ಒಬ್ಬ ಸ್ಪರ್ಧಿಯೇ, ಎಲ್ಲರಿಗಿಂತ ಬಲಶಾಲಿ.

ಅರಕಲಗೂಡಿನ ಪಡುವಣ ಭಾಗದಲ್ಲಿ ಬಂಧುಗಳ ಮನೆಯಲ್ಲಿ ತಂಗಿದೆವು. ಬತ್ತ ತೆನೆಗಟ್ಟಿದ್ದಿತು, ಆದರೆ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. “ಭಾವಯ್ಯ, ವರ್ಷದ ಗಂಜಿ ಹೊರಗೆ ನಿಂತಿದೆ, ಆನೆ ಬಂದರೆ ಒಂದೇ ರಾತ್ರಿ” ಎಂದರು ಮನೆಯ ಯಜಮಾನರು. ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಕಾಡಿನಲ್ಲಿ ದಿನವೆಲ್ಲ ಅಲೆದು ಸಂಪಾದಿಸುವುದು ಗದ್ದೆಯಲ್ಲಿ ಸ್ವಲ್ಪ ಹೊತ್ತಿನಲ್ಲೇ ದೊರೆಯುವುದು. ಅಪಾಯವಿದ್ದರೂ ಒಂಟಿ ಸಲಗಗಳು ಮರಿಗಳುಳ್ಳ ಹಿಂಡಿಗಿಂತ ಹೆಚ್ಚಾಗಿ ಬೆಳೆಗೆ ನುಗ್ಗುವುವು.

ನೆರೆಯ ಆಲೂರು ಸೀಮೆಯಿಂದ 2014ರಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರು. ಜನರು ನಿಟ್ಟುಸಿರು ಬಿಟ್ಟರು. ಆದರೆ ಕೆಲವೇ ವರ್ಷಗಳಲ್ಲಿ ತೆರವಾದ ನೆಲೆಗೆ ಬೇರೆ ಆನೆಗಳು ಬಂದು ಸೇರಿದುವು. ಮೇವೂ ನೀರೂ ಅಲ್ಲಿಯೇ ಇದ್ದುವಷ್ಟೆ! ಬಾಡಿಗೆದಾರನನ್ನು ಬಿಡಿಸಿದ ಮಾತ್ರಕ್ಕೆ ಒಳ್ಳೆಯ ಮನೆ ಖಾಲಿ ಬೀಳುವುದೆ?

ಆ ರಾತ್ರಿ ಆನೆ ಬರಲಿಲ್ಲ. ಬೆಳಗ್ಗೆ ಯಜಮಾನರು ಗದ್ದೆಯನ್ನು ನೋಡಿ ಬಂದು ಮುಖ ತೊಳೆದು, ಮೊದಲ ಬಾರಿಗೆ ನಕ್ಕರು. ಅವರ ಗಂಜಿಯೂ ಉಳಿಯಬೇಕು. ಆನೆಗೂ ಕಾಡಿನಲ್ಲಿ ಮೇವಿರಬೇಕು. ಎರಡನೆಯದನ್ನು ಮರೆತು ಮೊದಲನೆಯದನ್ನು ಕಾಯುವುದು ಸಾಧ್ಯವಿಲ್ಲವೆಂಬುದೇ ಈ ಪ್ರವಾಸದಲ್ಲಿ ನಾವು ಕಲಿತ ಪಾಠ.