ಅಂಚು ನೋಡಿ ವಿಮಾನ ಹೇಳುವುದು

ಸ್ಟೆಲ್ತ್ ಯುದ್ಧವಿಮಾನದ ಗುರುತು ಅದರ ಅಂಚುಗಳಲ್ಲಿದೆ. ರೇಡಾರಿನಿಂದ ತಪ್ಪಿಸಿಕೊಳ್ಳಲೆಂದು ಕಟ್ಟಿದ ಈ ವಿಮಾನ ಹಗಲಿನಲ್ಲಿ ಬರಿಗಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ತಪ್ಪಿಸಿಕೊಳ್ಳಲು ಮಾಡಿದ ಏರ್ಪಾಡೆಲ್ಲ ಮೈಮೇಲೆಯೇ ಇರುತ್ತದೆ. 2025ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾಕ್ಕೆ ಅಮೆರಿಕದ ಎಫ್-35, ರಷ್ಯಾದ ಸು-57 ಎರಡೂ ಬಂದಿದ್ದವು. ವಿಮಾನ ನೋಡುವ ಹವ್ಯಾಸದವರಿಗೆ ಅದು ಹಬ್ಬವೇ ಸರಿ. ಅಷ್ಟಾದ ಮೇಲೂ ‘ಬಾಲ ಓರೆಯಾಗಿದ್ದರೆ ಸ್ಟೆಲ್ತ್’ ಎಂಬ ಮಾತು ನಿಂತಿಲ್ಲ.

ಈ ಸೂತ್ರ ಎರಡೂ ಕಡೆಯಿಂದ ಸೋಲುತ್ತದೆ. 1978ರಲ್ಲಿ ಮೊದಲು ಹಾರಿದ ಎಫ್/ಎ-18 ಹಾರ್ನೆಟ್‌ನ ಬಾಲಗಳು ಎದ್ದು ಕಾಣುವಷ್ಟು ಓರೆ, ಆದರೆ ಅದು ಸ್ಟೆಲ್ತ್ ಅಲ್ಲ. ಬಿ-2 ಬಾಂಬರ್‌ಗೆ ಬಾಲವೇ ಇಲ್ಲ, ಅದು ಸ್ಟೆಲ್ತ್. ಕಪ್ಪು ಬಣ್ಣವನ್ನು ನಂಬುವವರು ಬೂದು ಬಣ್ಣದ ಎಫ್-35ರ ಮುಂದೆ ತಬ್ಬಿಬ್ಬಾಗುತ್ತಾರೆ. ತ್ರಿಕೋನ ಕಂಡರೆ ಸ್ಟೆಲ್ತ್ ಎನ್ನುವವರು ತೇಜಸ್, ಮಿರಾಜ್‌ಗಳನ್ನೂ ಆ ಪಟ್ಟಿಗೆ ಸೇರಿಸಿಬಿಡುತ್ತಾರೆ. ನೋಡುವ ಮೊದಲೇ ಹೆಸರು ಹೇಳುವ ಈ ಆತುರ ಸಣ್ಣ ದೋಷವಲ್ಲ. ತಪ್ಪು ಹೆಸರು ಅಂಟಿಸಿದ ಒಂದು ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ, ಹೊಸದಾಗಿ ಕಲಿಯುವ ಹುಡುಗರು ಅದನ್ನೇ ಪಾಠವೆಂದುಕೊಳ್ಳುತ್ತಾರೆ, ಆಮೇಲೆ ತಿದ್ದುವುದು ಯಾರಿಂದಲೂ ಆಗುವುದಿಲ್ಲ.

ನಂಬಬಹುದಾದ ಪರೀಕ್ಷೆ ಒಂದಿದೆ. ರೆಕ್ಕೆಯ ಮುಂದಿನ ಅಂಚೊಂದನ್ನು ಕಣ್ಣಲ್ಲಿ ಹಿಡಿದು, ಅದಕ್ಕೆ ಸಮಾನಾಂತರವಾದ ಗೆರೆ ಮೈಮೇಲೆ ಇನ್ನೆಲ್ಲೆಲ್ಲಿದೆ ಎಂದು ಹುಡುಕಬೇಕು. ಎಫ್-22ರಲ್ಲಿ ಹಿಂದಿನ ಅಡ್ಡರೆಕ್ಕೆಯ ಅಂಚು ಮುಂದಿನ ರೆಕ್ಕೆಯ ಅಂಚಿನ ಜೊತೆಗೇ ಸಾಗುತ್ತದೆ. ಹೊಟ್ಟೆಯಡಿಯ ಬಾಗಿಲುಗಳ ಅಂಚು ಗರಗಸದ ಹಲ್ಲಿನಂತೆ ಕತ್ತರಿಸಿರುತ್ತದೆ. ಆ ಹಲ್ಲುಗಳೂ ಮನಬಂದಂತೆ ತಿರುಗಿರುವುದಿಲ್ಲ. ಹತ್ತಾರು ಗೆರೆಗಳಿದ್ದರೂ ದಿಕ್ಕುಗಳು ಬೆರಳೆಣಿಕೆಯಷ್ಟೇ. ಸುಖೋಯ್-30ರಲ್ಲಿ ಈ ಶಿಸ್ತು ಸಿಗುವುದಿಲ್ಲ. ಅದರ ಎರಡು ಬಾಲಗಳು ನೆಟ್ಟಗೆ ನಿಂತು ಅಡ್ಡರೆಕ್ಕೆಯೊಡನೆ ಲಂಬಕೋನ ಮಾಡುತ್ತವೆ, ಅಂಥ ಮೂಲೆಗೆ ಬಿದ್ದ ರೇಡಾರ್ ಅಲೆ ಬಂದ ದಾರಿಯಲ್ಲೇ ಮರಳುತ್ತದೆ. ಓರೆ ಬಾಲಕ್ಕೆ ಇರುವ ಬೆಲೆಯೂ ಇಷ್ಟೇ: ಲಂಬಕೋನವನ್ನು ತಪ್ಪಿಸುವುದು.

ಅಂಚಿಗೆ ಇಷ್ಟು ಮಹತ್ವ ಬಂದ ಕಥೆ ವಿಮಾನಕ್ಕಿಂತಲೂ ಸೊಗಸು. ಅಂಚುಗಳಿಂದ ಅಲೆಗಳು ಹೇಗೆ ಚದುರುತ್ತವೆ ಎಂಬ ಲೆಕ್ಕವನ್ನು 1962ರಲ್ಲಿ ಪುಸ್ತಕವಾಗಿ ಕೊಟ್ಟವರು ಸೋವಿಯತ್ ಭೌತವಿಜ್ಞಾನಿ ಪ್ಯೋತರ್ ಉಫಿಮ್‌ತ್ಸೆವ್. ಅದನ್ನು ಇಂಗ್ಲಿಷಿಗೆ ಮಾಡಿಸಿಕೊಂಡದ್ದು ಅಮೆರಿಕದ ವಾಯುಪಡೆ. ಓದಿ ಉಪಯೋಗಿಸಿದ್ದು ಲಾಕ್‌ಹೀಡ್ ಕಂಪನಿಯ ಡೆನಿಸ್ ಓವರ್‌ಹೋಲ್ಸರ್. ಅಂದಿನ ಕಂಪ್ಯೂಟರಿಗೆ ಬಾಗಿದ ಮೈಯ ಲೆಕ್ಕ ಎಟುಕುತ್ತಿರಲಿಲ್ಲ. ಹಾಗಾಗಿ 1981ರಲ್ಲಿ ಹಾರಿದ ಎಫ್-117 ಪೂರ್ತಿ ಚಪ್ಪಟೆ ಹಲಗೆಗಳ ವಿಮಾನ. 1989ರ ಬಿ-2 ಹೊತ್ತಿಗೆ ಬಾಗು ಮೈಯೂ ಲೆಕ್ಕಕ್ಕೆ ಸಿಕ್ಕಿತ್ತು. ಮೈಯ ಆಕಾರ ನೋಡಿ ತಲೆಮಾರು ಹೇಳುವುದು ಇದರಿಂದ ಸಾಧ್ಯ.

ಅಂಚು ಮುಗಿದ ಮೇಲೆ ವಿವರಗಳು. ಎಫ್-35ಕ್ಕೆ ಒಂದೇ ಎಂಜಿನ್. ಗಾಳಿ ಒಳಹೋಗುವ ಬಾಯಿಯ ಪಕ್ಕ ಮೈಯೇ ಉಬ್ಬಿರುತ್ತದೆ, ಮೂತಿಯಡಿ ಮೂಲೆಮೂಲೆಯಾಗಿ ಕತ್ತರಿಸಿದ ಗಾಜಿನ ಕಿಟಕಿ. ಸು-57ಕ್ಕೆ ದೂರದೂರ ಕೂತ ಎರಡು ಎಂಜಿನ್. ಪೈಲಟ್‌ನ ಗಾಜಿನ ಮುಂದೆ ಗುಂಡನೆಯ ಸೆನ್ಸರ್. ಸ್ಟೆಲ್ತ್ ವಿಮಾನದ ಬಾಂಬು, ಕ್ಷಿಪಣಿ ಹೊಟ್ಟೆಯೊಳಗಿರುತ್ತವೆ. ರೆಕ್ಕೆಗೆ ತೂಗುಹಾಕಿದ್ದು ಕಂಡ ಮಾತ್ರಕ್ಕೆ ಸ್ಟೆಲ್ತ್ ಅಲ್ಲ ಎನ್ನುವಂತಿಲ್ಲ, ಎಫ್-35 ಹಾಗೂ ಹೊರಬಲ್ಲದು. ಶಾಂತಿಕಾಲದಲ್ಲಿ ರೇಡಾರಿಗೆ ಕಾಣಲೆಂದೇ ಮೈಮೇಲೆ ಸಣ್ಣ ಉಬ್ಬುಗಳನ್ನು ಕೂರಿಸುವುದೂ ಉಂಟು. ಅವು ಲೂನ್‌ಬರ್ಗ್ ಲೆನ್ಸ್‌ಗಳು.

ಮಧ್ಯ ಕರ್ನಾಟಕಕ್ಕೆ ಈ ವಿದ್ಯೆ ದೂರದ್ದಲ್ಲ. ಜಗಳೂರಿನ ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯಲ್ಲಿರುವ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯದಿಂದ 2022ರ ಜುಲೈ 1ರಂದು ಪೈಲಟ್ ಇಲ್ಲದ ಹಾರುರೆಕ್ಕೆಯೊಂದು ಮೊದಲ ಸಲ ಹಾರಿತು. 2023ರ ಡಿಸೆಂಬರ್‌ನಲ್ಲಿ ಅದೇ ಯೋಜನೆಯ ಬಾಲರಹಿತ ರೂಪ ಹಾರಿತು. ಡಿಆರ್‌ಡಿಒದ ಬೆಂಗಳೂರು ಪ್ರಯೋಗಾಲಯ ಎಡಿಇ ರೂಪಿಸಿದ ಇದು ಬಾಣದ ತುದಿಯ ಆಕಾರದ್ದು, ಕಾರ್ಬನ್ ನಾರಿನ ಹಗುರ ಮೈಯದ್ದು. ಅದೇ ವಲಯದಿಂದ ಹಾರಿ 2019ರಲ್ಲಿ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿದ್ದ ರುಸ್ತುಂ-2 ಬೇರೆಯೇ ಜಾತಿ: ನೀಳ ನೇರ ರೆಕ್ಕೆ, ಎರಡು ಪ್ರೊಪೆಲರ್, ಎತ್ತರದ ಬಾಲದ ತುದಿಗೆ ಅಡ್ಡಪಟ್ಟಿ. ಎರಡನ್ನೂ ‘ಡ್ರೋನ್’ ಎಂದು ಒಂದೇ ಗೂಡಿಗೆ ಹಾಕಿದರೆ ಹಾರುರೆಕ್ಕೆಗೆ ಅನ್ಯಾಯ. ಬಾಲವಿಲ್ಲದ ರೆಕ್ಕೆಯನ್ನು ಗಾಳಿಯಲ್ಲಿ ಅಲುಗದೆ ನಿಲ್ಲಿಸುವುದು ವಿಮಾನಶಾಸ್ತ್ರದ ಕಷ್ಟದ ಕೆಲಸಗಳಲ್ಲೊಂದು.

ನೋಡುವ ಜಾಗವೂ ಮುಖ್ಯ. ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಆಕಾಶ ತುಂಡುತುಂಡಾಗಿ ಸಿಗುವುದರಿಂದ ಗೆರೆ ಹುಡುಕುವಷ್ಟು ಸಮಯ ಉಳಿಯುವುದಿಲ್ಲ. ಜಗಳೂರಿನ ಬಯಲು ಇದಕ್ಕೆ ಹೇಳಿ ಮಾಡಿಸಿದ್ದು. ನ್ಯಾಮತಿ, ಹೊನ್ನಾಳಿಯವರಿಗೆ 2023ರಲ್ಲಿ ಶುರುವಾದ ಶಿವಮೊಗ್ಗದ ಸೋಗಾನೆ ನಿಲ್ದಾಣ ಹತ್ತಿರ. ಅಲ್ಲಿಗೆ ಬರುವ ಎಟಿಆರ್-72ರ ಉರುಟು ಮೈ, ಪ್ರೊಪೆಲರ್, ನೆಟ್ಟ ಬಾಲವನ್ನು ಮೊದಲು ಮನದಟ್ಟು ಮಾಡಿಕೊಂಡರೆ ಸ್ಟೆಲ್ತ್‌ನಲ್ಲಿ ಏನಿರಬಾರದೆಂದು ತಾನಾಗಿ ತಿಳಿಯುತ್ತದೆ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಬಿಳಿ ಗೆರೆ ಎಳೆಯುತ್ತ ಹೋಗುವುದರ ಅಂಚು ಬರಿಗಣ್ಣಿಗೆ ನಿಲುಕದು. ಅದಕ್ಕೆ ಬೈನಾಕ್ಯುಲರ್ ಬೇಕು.